ತೂಬ ಮತ್ತು ಸುಣ್ಣದ ಗೆರೆ

ಶ್ರೀನಿವಾಸಪುರ, ೧೨ ಫೆಬ್ರವರಿ ೧೯೩೯

ಇಂದು ಬೆಳಗ್ಗೆ ನಮ್ಮ ಮನೆಯ ನಾಯಿ ಹಾಲಿನ ಆವಲಮ್ಮನನ್ನು ಕಚ್ಚಿತು. ಎಡಗಾಲಿನ ಮೀನಖಂಡದಲ್ಲಿ ಎರಡು ಹಲ್ಲು ಇಳಿದಿವೆ. ಕಾರ್ಬಾಲಿಕ್ ಸೋಪಿನಿಂದ ಗಾಯವನ್ನು ಬಹಳ ಹೊತ್ತು ತೊಳೆಸಿ, ಗಾಡಿಯಲ್ಲಿ ಡಿಸ್ಪೆನ್ಸರಿಗೆ ಕರೆದೊಯ್ದೆ. ನಾಯಿಯನ್ನು ಕೊಲ್ಲಬಾರದು, ಹತ್ತು ದಿನ ಕಟ್ಟಿಹಾಕಿ ಗಮನಿಸಬೇಕು, ಅದಕ್ಕೆ ಹುಚ್ಚಿನ ಲಕ್ಷಣ ಕಂಡರೆ ಆಕೆಗೆ ಚುಚ್ಚುಮದ್ದು ಹಾಕಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ನಡೆದದ್ದು ಇಷ್ಟು. ಆವಲಮ್ಮ ಎಂದಿನಂತೆ ಗೇಟು ತೆಗೆದು ಒಳಗೆ ಬಂದು, ಹಾಲಿನ ಚೊಂಬನ್ನು ಜಗಲಿಯ ಮೇಲಿಡಲು ಬಗ್ಗಿದಳು. ಗೇಟಿನ ಕಂಬಕ್ಕೆ ಕಟ್ಟಿದ್ದ ನಾಯಿ ಸದ್ದಿಲ್ಲದೆ ಬಂದು ಹಿಡಿಯಿತು.

"ಬೊಗಳ್ಲಿಲ್ಲ, ಗುರ್ ಅನ್ಲಿಲ್ಲ ಸ್ವಾಮಿ," ಎಂದು ಆಕೆ ದಾರಿಯುದ್ದಕ್ಕೂ ಹೇಳುತ್ತಿದ್ದಳು. "ಕಳ್ಳನಂಗೆ ಬಂದು ಕಚ್ಬಿಟ್ಟ. ಒಂದ್ ಮಾತು ಹೇಳಿದ್ರೆ ನಾನೇ ಕಾಲು ಹಿಂದಕ್ ಎಳ್ಕೊಳ್ತಿದ್ದೆ."

ಈ ನಾಯಿ ನಾನು ಬಯಸಿ ತಂದದ್ದಲ್ಲ. ಇಲ್ಲಿಗೆ ಓವರ್‌ಸಿಯರಾಗಿ ಬಂದ ಹೊಸದರಲ್ಲಿ ಒಂದು ಕೆರೆಯ ತೂಬು ದುರಸ್ತಿ ಮಾಡಿಸುವಾಗ, ಆ ತೂಬಿನೊಳಗೆ ಆಳುಗಳಿಗೆ ಸಿಕ್ಕಿದ ಮರಿ. ತೂಬ ಎಂದು ಹೆಸರಿಟ್ಟವರೂ ಅವರೇ. ಅಂಗಳದಲ್ಲಿ ಸಿಮೆಂಟಿನ ಚೀಲಗಳು ಇರುವುದರಿಂದ ಕಾವಲಿಗೆ ಇರಲೆಂದು ಒಪ್ಪಿಕೊಂಡೆ. ಹಗಲೆಲ್ಲ ಅದನ್ನು ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿರುವುದರಿಂದ ಮನೆಗೆ ಜನ ಬರುವುದು ಕಡಿಮೆಯಾಗಿದೆ. ಅದರಲ್ಲಿ ನನಗೆ ದೋಷವೇನೂ ಕಂಡಿರಲಿಲ್ಲ.

೧೬ ಫೆಬ್ರವರಿ

ಬೀಗರಾದ ಚನ್ನರಾಯಪ್ಪನವರು ಮುಳಬಾಗಿಲಿನಿಂದ ಬಂದಿದ್ದರು. ನಮ್ಮ ಒಬ್ಬಳೇ ಮಗಳು ಭಾರತಮ್ಮ ಅವರ ಹಿರಿಯ ಸೊಸೆ. ಈಗ ಐದು ತಿಂಗಳ ಗರ್ಭಿಣಿ. ಸೀಮಂತವಾದ ಮೇಲೆ ಆಕೆಯನ್ನು ಚೊಚ್ಚಲ ಹೆರಿಗೆಗೆ ಇಲ್ಲಿಗೆ ಕಳುಹಿಸುವ ವಿಚಾರ ಮಾತನಾಡಲು ಬಂದವರು. ಮಾತು ಆರಂಭವಾಗುವ ಮೊದಲೇ ನಾಯಿ ಅವರ ಪಂಚೆಯ ಅಂಚನ್ನು ಹರಿಯಿತು. ಈ ಸಲವೂ ಸದ್ದಿಲ್ಲ. ಸರಪಳಿ ಇನ್ನೊಂದು ಗೇಣು ಉದ್ದವಿದ್ದಿದ್ದರೆ ಕಾಲೇ ಸಿಕ್ಕುತ್ತಿತ್ತು.

ಚನ್ನರಾಯಪ್ಪನವರು ಜಗಲಿಯ ಮೇಲೆ ಕಾಲು ಮೇಲೆತ್ತಿಕೊಂಡು ಕುಳಿತು ಹೇಳಿದರು: "ಬೀಗ್ರೇ, ಪಂಚೆ ಹರಿದ್ರೆ ಇನ್ನೊಂದು ಉಟ್ಕೊಳ್ತೀನಿ, ಅದು ಬಿಡಿ. ತುಂಬಿದ ಬಸುರಿನ ಈ ಮನೆಗೆ ಹೆಂಗ್ರೀ ಕಳ್ಸಲಿ? ಹೆರಿಗೆ ನಮ್ಮಲ್ಲೇ ಆಗ್ಲಿ. ಹೆಣ್ಣು ಕೊಟ್ಟೋರಿಗೆ ಬೇಜಾರಾಗುತ್ತೆ, ನನಗೂ ಗೊತ್ತು."

ಸೀಮಂತ ಆಗುವವರೆಗೆ ಅವಕಾಶ ಕೊಡಬೇಕೆಂದು ನಾನು ಕೇಳಿದೆ. ಆಮೇಲೆ ಒಮ್ಮೆ ಬಂದು ನೋಡುತ್ತೇನೆ, ನೋಡಿ ಹೇಳುತ್ತೇನೆ ಎಂದು ಅವರು ಕಾಫಿ ಕುಡಿಯದೆ ಹೊರಟರು.

ನನ್ನ ಹೆಂಡತಿ ಮುನಿಗಂಗಮ್ಮ ಬೀಗರು ಹೊರಡುವವರೆಗೆ ಕಾದಿದ್ದಳು. ಆಮೇಲೆ ಹೇಳಿದಳು. "ಬಾಣಂತಿಗೆ ಅಂತ ಸೀರೆ ಹರಿದು ಬಟ್ಟೆ ಮಾಡಿಟ್ಟಿದೀನಿ, ಹಳೇ ಬೆಲ್ಲ ಎತ್ತಿಟ್ಟಿದೀನಿ. ನನ್ ಮಗಳ ಬಾಣಂತನ ಬೇರೆಯೋರು ಮಾಡೋದು ನಾನು ನೋಡಲ್ಲ. ನಾಯಿನ ಏನಾದ್ರೂ ಮಾಡಿ."

ನ್ಯಾಯವಾದ ಮಾತು.

೧೯ ಫೆಬ್ರವರಿ

ಮಾವಿನ ತೋಪಿನ ದೊಡ್ಡನಾರಾಯಣಪ್ಪ ಸುದ್ದಿ ತಿಳಿದು, ನಾಯಿಯನ್ನು ತನಗೆ ಕೊಡಬೇಕೆಂದು ಕೇಳಿದ. ಫಸಲಿನ ಕಾಲದಲ್ಲಿ ಕಾವಲಿಗೆ ಇಂಥದೇ ಬೇಕಂತೆ. ಒಪ್ಪಿಸುವ ಮೊದಲು ಸ್ಥಳ ನೋಡಲು ಹೋದೆ.

"ನಮ್ ಕೈಗೆ ಕೊಡಿ ಸ್ವಾಮಿ, ಇನ್ನೂ ಜೋರಾಗ್ ಮಾಡ್ತೀನಿ," ಎಂದ. "ಕಡಜದ ಗೂಡು ಸುಟ್ಟು ಮುದ್ದೇಲಿ ಕಲ್ಸಿ ಹಾಕಿದ್ರೆ, ಮೂರೇ ದಿನ. ನನ್ನನ್ನೇ ಕಚ್ಚೋಕ್ ಬರುತ್ತೆ."

"ನಿನ್ನನ್ನೇ ಕಚ್ಚಿದರೆ ಏನು ಲಾಭ?"

"ಲಾಭ ಏನಿಲ್ಲ ಸ್ವಾಮಿ. ಜೋರು ಅಂತ ಹೆಸರು."

ಅಲ್ಲಿ ಎರಡು ನಾಯಿಗಳಿದ್ದವು. ಎರಡರ ಕೊರಳಿಗೂ ಮರದ ತುಂಡು ತೂಗುಹಾಕಿತ್ತು. ನಡೆದಾಗ ಅದು ಮೊಣಕಾಲಿಗೆ ಬಡಿಯುತ್ತಿತ್ತು.

ನಾಯಿಯನ್ನು ಕೊಡುವುದಿಲ್ಲವೆಂದು ತಿಳಿಸಿ ಬಂದೆ. ಅಲ್ಲಿಯ ಸರಪಳಿಗಳು ತುಕ್ಕು ಹಿಡಿದಿದ್ದವೆಂದು ಮನೆಯಲ್ಲಿ ಕಾರಣ ಹೇಳಿದೆ. "ತುಕ್ಕಾ?" ಎಂದಳು ಮುನಿಗಂಗಮ್ಮ. ಹೌದೆಂದೆ.

೨೩ ಫೆಬ್ರವರಿ

ಡಾಕ್ಟರು ಹೇಳಿದ ಅವಧಿ ಮುಗಿಯಿತು. ನಾಯಿ ಮುದ್ದೆ ತಿನ್ನುತ್ತಿದೆ, ನೀರು ಕುಡಿಯುತ್ತಿದೆ. ಆವಲಮ್ಮನಿಗೆ ಅಪಾಯವಿಲ್ಲ. ಇಷ್ಟು ದಿನ ಇದರ ಬಗ್ಗೆ ಇಲ್ಲಿ ಬರೆಯದಿದ್ದರೂ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಕಚ್ಚುವ ಮೊದಲು ಗುರುಗುಟ್ಟದ ನಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಚೇರಿಯ ಜವಾನ ಕೊಂಡಪ್ಪನೇ ಅದಕ್ಕೆ ಊಟ ಹಾಕುವವನು, ಅವನನ್ನು ವಿಚಾರಿಸಿದೆ.

"ಅಂತಿದ್ದ ಸ್ವಾಮಿ, ಮೊದ್ಲು ಚೆನ್ನಾಗೇ ಗುರ್ ಅಂತಿದ್ದ. ಹೋದ್ ವರ್ಷ ಇಂಜಿನಿಯರ್ ಸಾಹೇಬ್ರು ಬಂದಾಗ ಅವರ ಮೇಲೂ ಅಂದ್ನಲ್ಲ, ಆವತ್ತು ತಾವೇ ಹೇಳಿದ್ರಿ, ಈ ಸದ್ದು ಇನ್ನೊಂದ್ ಸಲ ಕೇಳ್ಬಾರ್ದು ಅಂತ. ಆವತ್ತಿಂದ ಗುರ್ ಅಂದಾಗೆಲ್ಲ ಅಳತೆ ಕೋಲಲ್ಲಿ ಒಂದೊಂದು ಕೊಟ್ಟೆ. ಬಿಟ್ಟೇಬಿಟ್ಟ. ಮಂಚಿ ಕುಕ್ಕ ಅಯಿಪೋಯಿಂದಿ."

ಒಳ್ಳೆಯ ನಾಯಿಯಾಗಿಬಿಟ್ಟಿತೆಂದು ಅವನು ತೆಲುಗಿನಲ್ಲಿ ಸಂತೋಷದಿಂದಲೇ ಹೇಳಿದ. ಆ ಆಜ್ಞೆ ನನ್ನದೇ. ಸದ್ದು ನಿಂತಾಗ ಅದನ್ನು ಶಿಸ್ತು ಎಂದೇ ನಾನೂ ತಿಳಿದಿದ್ದೆ.

ಒಳಗಿನಿಂದ ಮುನಿಗಂಗಮ್ಮ, "ನಿಮ್ಮಂಗೇ ಮಾಡಿಟ್ಟಿದೀರ ಅವನ್ನ. ಮನಸ್ಸಲ್ಲಿರೋದು ಬಾಯಿಗೆ ಬರಲ್ಲ. ಬಂದ್ರೆ ಕಚ್ಚೋಕೇ ಬರೋದು," ಎಂದಳು.

ಈ ಹೋಲಿಕೆಯ ತಾತ್ಪರ್ಯ ನನಗೆ ಸ್ಪಷ್ಟವಾಗಲಿಲ್ಲ.

೨೭ ಫೆಬ್ರವರಿ

ಮುಳಬಾಗಿಲು ರಸ್ತೆಯ ಬದಿಯ ಒಂದು ಸಣ್ಣ ಕೆರೆಯ ತನಿಖೆಗೆ ಹೋಗಿದ್ದೆ. ಏರಿಯ ಹೊರಮೈಯಲ್ಲಿ ಒಂದು ಕಡೆ ಹೊಸ ಮಣ್ಣು ಮೆತ್ತಿತ್ತು. ಕಾಲಿನಿಂದ ಕೆದಕಿದರೆ ಒಳಗೆ ಒದ್ದೆ. ಊರಿನ ಪಟೇಲ ಶ್ರೀರಾಮಪ್ಪನನ್ನು ಕೇಳಿದೆ.

"ಅಲ್ಲಿ ಜಿನುಗ್ತಿತ್ತು ಸ್ವಾಮಿ. ತಾವು ಬರ್ತೀರಿ ಅಂತ ನೀಟಾಗಿ ಕಾಣ್ಲಿ ಅಂತ ಮೆತ್ತಿಸಿಬಿಟ್ವಿ."

ಸಹನೆ ಮೀರಿ ಮಾತನಾಡಿದೆ. ಜಿನುಗು ರೋಗವಲ್ಲ, ರೋಗದ ಗುರುತು; ಗುರುತನ್ನು ಅಳಿಸಿದರೆ ನೀರು ನಿಲ್ಲುವುದಿಲ್ಲ, ಯಾರಿಗೂ ಹೇಳದೆ ಒಳಗೇ ದಾರಿ ಮಾಡಿಕೊಂಡು ಒಂದು ದಿನ ಏರಿಯನ್ನೇ ಒಡೆಯುತ್ತದೆ; ಜಿನುಗು ಕಂಡರೆ ಮೊದಲು ಕೆರೆಯ ಮಟ್ಟ ಇಳಿಸಬೇಕು ಎಂದು ವಿವರಿಸಿದೆ. ಶ್ರೀರಾಮಪ್ಪ ತಲೆಯಾಡಿಸಿದ. ಮಣ್ಣು ತೆಗೆಸಿ, ತೂಬು ಸ್ವಲ್ಪ ತೆರೆಸಿ ಹೊರಟೆ.

ಹಿಂದಿರುಗುವಾಗ ದಾರಿಯಲ್ಲಿ ಸೈಕಲ್ಲಿನಿಂದ ಇಳಿದು ಒಂದು ಹುಣಸೆಮರದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಸೈಕಲ್ಲು ಕೆಟ್ಟಿರಲಿಲ್ಲ.

೧ ಮಾರ್ಚ್

ಕೆಲಸ ಆರಂಭಿಸಿದ್ದೇನೆ. ಗೇಟಿನ ಬಳಿಯ ಸರಪಳಿಯನ್ನು ತೆಗೆಸಿದೆ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ನೋಡಬೇಕು, ಆದರೆ ಯಾರಿಂದಲೂ ದೂರ ಸರಿಯಲಾಗದು ಎಂಬ ಸ್ಥಿತಿಯಲ್ಲಿ ಮನುಷ್ಯನ ಸ್ವಭಾವವೂ ಕೆಡುತ್ತದೆ. ಅಂಗಳದ ಮೂಲೆಯಲ್ಲಿ ತಡಿಕೆ ಕಟ್ಟಿಸಿ, ಒಳಗೆ ಗೋಣಿಚೀಲ ಹಾಸಿ, ಅದನ್ನು ನಾಯಿಯ ಸ್ಥಳವೆಂದು ಗೊತ್ತುಮಾಡಿದೆ. ಅದು ಅಲ್ಲಿರುವಾಗ ಯಾರೂ ಹತ್ತಿರ ಹೋಗಕೂಡದು. ಉಣ್ಣುವಾಗ ಯಾರೂ ತಟ್ಟೆಗೆ ಕೈಹಾಕಕೂಡದು. ಗುರುಗುಟ್ಟಿದರೆ ಯಾರೂ ಹೊಡೆಯಕೂಡದು. ಅಳತೆ ಕೋಲನ್ನು ಕಚೇರಿಗೆ ಕಳುಹಿಸಿದೆ.

ಇನ್ನು ಮಟ್ಟದ ವಿಚಾರ. ಅಪರಿಚಿತನೊಬ್ಬ ಎಲ್ಲಿಯವರೆಗೆ ಬಂದರೆ ಇದು ನೆಮ್ಮದಿಯಾಗಿರುತ್ತದೆ, ಎಲ್ಲಿ ಇದರ ಬಾಯಿ ಮುಚ್ಚಿ ಬಾಲ ಸೆಟೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡು, ಆ ಜಾಗದಲ್ಲಿ ಅಂಗಳಕ್ಕೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯಬೇಕು. ಬಂದವರು ಗೆರೆಯ ಆಚೆ ನಿಂತು, ನಾಯಿಯ ಕಣ್ಣನ್ನು ದಿಟ್ಟಿಸದೆ, ಒಣಮೀನಿನ ಚೂರನ್ನು ಅದರ ಕಡೆಗೆ ಎಸೆಯಬೇಕು. ಅದು ತಾನಾಗಿ ಸಡಿಲವಾದ ದಿನ ಗೆರೆಯನ್ನು ಸ್ವಲ್ಪ ಮುಂದೆ ತರಬೇಕು. ಅವಸರ ಸಲ್ಲದು.

ಒಂದು ಅಡಚಣೆಯಿದೆ. ಇದಕ್ಕೆ ಅಪರಿಚಿತರು ಬೇಕು. ಈ ಮನೆಗೆ ಯಾರೂ ಬರುವುದಿಲ್ಲ.

೩ ಮಾರ್ಚ್

ಬೇರೆ ಯಾರನ್ನು ಕೇಳಬೇಕೆಂದು ತಿಳಿಯದೆ ಆವಲಮ್ಮನ ಮನೆಗೇ ಹೋದೆ. ಹೇಗೆ ಕೇಳಬೇಕೆಂದು ದಾರಿಯಲ್ಲಿ ಎರಡು ಮೂರು ವಾಕ್ಯಗಳನ್ನು ಸಿದ್ಧಮಾಡಿಕೊಂಡಿದ್ದೆ; ಉಪಯೋಗಕ್ಕೆ ಬರಲಿಲ್ಲ.

"ಏನ್ ಸ್ವಾಮಿ, ಇಷ್ಟ್ ದಿನ ಹಾಲು ಹಾಕಿದೀನಿ, ಒಂದಿನ ಒಳಕ್ ಬಾ, ಕೂತ್ಕೋ ಅಂದೋರಲ್ಲ. ನಾಯಿ ಕಚ್ಚಿದ್ ಮೇಲೆ ಕರ್ಯೋಕ್ ಬಂದಿದೀರ?"

"ನಾಯಿಯ ಅಭ್ಯಾಸಕ್ಕಾಗಿ," ಎಂದೆ.

"ಅದೇ ಅಂದ್ಕೊಂಡೆ," ಎಂದು ನಕ್ಕು, ಸಂಜೆ ಬಂದಳು. ಜೊತೆಗೆ ಓರಗಿತ್ತಿ ಬಚ್ಚಮ್ಮನನ್ನೂ ಕರೆತಂದಿದ್ದಳು. ಕೊಂಡಪ್ಪ ನಾಯಿಯ ಹಗ್ಗ ಹಿಡಿದ. ಗೆರೆಯನ್ನು ಗೇಟಿನ ಹೊರಗೇ ಎಳೆಯಬೇಕಾಯಿತು, ಅಷ್ಟು ದೂರ. ಇಬ್ಬರು ಹೆಂಗಸರೂ ಬೀದಿಯಲ್ಲಿ ನಿಂತು ಒಳಕ್ಕೆ ಮೀನು ಎಸೆದರು. ದಾರಿಹೋಕರು ನಿಂತು ನೋಡಿದರು. ಯಾರಿಗೋ ಮಾಟ ತೆಗೆಯುತ್ತಿದ್ದಾರೆಂದು ಒಬ್ಬರು ಹೇಳಿದ್ದು ನನಗೆ ಕೇಳಿಸಿತು.

ನಾಯಿ ಮೀನು ತಿಂದಿತು.

೧೦ ಮಾರ್ಚ್

ಗೆರೆ ಈಗ ಗೇಟಿನ ಒಳಗಿದೆ. ಮೊದಲ ದಿನಗಳಲ್ಲಿ ಇಬ್ಬರು; ಈಗ ಸಂಜೆ ಏಳೆಂಟು ಮಂದಿ ಬರುತ್ತಾರೆ. ಹೂವಿನ ಮುನಿಯಲ್ಲಮ್ಮ, ಎದುರು ಮನೆಯ ವೆಂಕಟರಾಯಪ್ಪ, ಮತ್ತೆ ಯಾರು ಯಾರೋ. ಮೀನು ಎಸೆಯುವ ಕೆಲಸ ಬೇಗ ಮುಗಿಯುತ್ತದೆ, ಆದರೆ ಜನ ಹೋಗುವುದಿಲ್ಲ. ಗೆರೆಯ ಅಂಚಿನಲ್ಲೇ ಕುಳಿತು ಮಾತನಾಡುತ್ತಾರೆ. ಇದರಿಂದ ಕಚೇರಿಯ ನಕ್ಷೆಗಳನ್ನು ನೋಡಲು ಬಹಳ ತೊಂದರೆಯಾಗುತ್ತಿದೆ.

ಮುನಿಗಂಗಮ್ಮ ಎಲ್ಲರಿಗೂ ಮಜ್ಜಿಗೆ ಕೊಡಲಾರಂಭಿಸಿದ್ದಾಳೆ. ಅಗತ್ಯವಿರಲಿಲ್ಲ. ನನ್ನ ಗೆರೆಯ ಮೇಲೆ ರಂಗೋಲಿಯ ಚುಕ್ಕಿಗಳನ್ನೂ ಇಟ್ಟಿದ್ದಾಳೆ. ಅಳತೆಗೆ ಅಡ್ಡಿಯಿಲ್ಲವಾದ್ದರಿಂದ ಬಿಟ್ಟಿದ್ದೇನೆ.

೧೪ ಮಾರ್ಚ್

ಹಿನ್ನಡೆ. ದೊಡ್ಡನಾರಾಯಣಪ್ಪ ಬಂದಿದ್ದ. ಎಲ್ಲರೂ ನಾಯಿಯತ್ತ ಓರೆಯಾಗಿ ಕುಳಿತಿರುವುದನ್ನು ಕಂಡು, "ಏನ್ರಲಾ ಇದು, ಹೊಸ ಸೊಸೆ ಕೂತಂಗೆ," ಎಂದು ಗೆರೆ ದಾಟಿ ಹೋಗಿ, ತೂಬನ ಕಣ್ಣನ್ನೇ ದಿಟ್ಟಿಸಿ ನೆಲಕ್ಕೆ ಕಾಲು ಅಪ್ಪಳಿಸಿದ. ತೂಬ ಹಾರಿದ. ಹಗ್ಗ ಕೊಂಡಪ್ಪನ ಕೈಯಲ್ಲಿದ್ದದ್ದರಿಂದ ಅನಾಹುತವಾಗಲಿಲ್ಲ.

ನಾನು ಗಟ್ಟಿಯಾಗಿ ಮಾತನಾಡಿದೆ. ಏನು ಹೇಳಿದೆನೆಂದು ಪೂರ್ಣವಾಗಿ ನೆನಪಿಲ್ಲ. ಆಮೇಲೆ ದೊಡ್ಡನಾರಾಯಣಪ್ಪನ ಬಳಿ ಹೋಗಿ, ನನ್ನ ಮಾತು ಹೆಚ್ಚಾಯಿತೆಂದು ಹೇಳಿದೆ.

"ಬಿಡಿ ಸ್ವಾಮಿ," ಎಂದ ಅವನು. "ತಾವು ಇಷ್ಟ್ ಮಾತಾಡಿದ್ದು ಈ ಊರಲ್ಲಿ ನನ್ ಹತ್ರನೇ ಮೊದ್ಲು. ನನಗೂ ಒಂದ್ ಮರ್ಯಾದೆ."

ಗೆರೆಯನ್ನು ಮತ್ತೆ ಹಿಂದಕ್ಕೆ ಹಾಕಿದೆ. ಎಲ್ಲಕ್ಕಿಂತ ಚಿಂತೆಯ ವಿಷಯ, ಹಾರುವ ಮೊದಲು ತೂಬ ಈ ಸಲವೂ ಗುರುಗುಟ್ಟಲಿಲ್ಲ. ಸೀಮಂತಕ್ಕೆ ಒಂದು ತಿಂಗಳೂ ಉಳಿದಿಲ್ಲ. ಮುನಿಗಂಗಮ್ಮ ಇಂದು ಆ ವಿಚಾರವನ್ನೇ ಎತ್ತಲಿಲ್ಲ. ಬಾಣಂತಿಯ ಬಟ್ಟೆಗಳನ್ನು ಮಡಿಸಿ ಮತ್ತೆ ಪೆಟ್ಟಿಗೆಯ ತಳಕ್ಕೆ ಇಟ್ಟಳು.

೧೮ ಮಾರ್ಚ್

ಏನೂ ಇಲ್ಲ. ಮೀನು ತಿಂದ. ಸುಮ್ಮನಿದ್ದ.

೨೪ ಮಾರ್ಚ್

ತೂಬ ಗುರುಗುಟ್ಟಿದ.

ವೆಂಕಟರಾಯಪ್ಪ ಮಾತಿನ ಭರದಲ್ಲಿ, ಯುಗಾದಿಯ ಮಳೆ ಬೆಳೆಯ ಲೆಕ್ಕ ಹೇಳುತ್ತ, ಕೈಬೀಸಿ ಗೆರೆ ದಾಟಿದರು. ತಡಿಕೆಯ ಕಡೆಯಿಂದ ಸಣ್ಣ ಸದ್ದು. ಕೆರೆಯ ತೂಬಿನಲ್ಲಿ ನೀರು ಹೊರಡುವ ಮೊದಲು ಗಾಳಿ ಹೊರಡುವ ಸದ್ದಿನಂತಿತ್ತು. ನಾನು ಕುಳಿತಲ್ಲಿಂದ ಎದ್ದೆ. ಕೊಂಡಪ್ಪನ ಕೈ ಹಳೆಯ ಅಭ್ಯಾಸದಿಂದ ಮೇಲೆ ಹೋಯಿತು, ಹಿಡಿದುಕೊಂಡೆ.

"ವೆಂಕಟರಾಯಪ್ಪನವರೇ, ಹಿಂದಕ್ಕೆ ಬನ್ನಿ. ಅವನು ಹೇಳಿದ್ದನ್ನು ಕೇಳಿ," ಎಂದೆ.

ಅವರು ಹಿಂದೆ ಸರಿದರು. ಸದ್ದು ನಿಂತಿತು. ತೂಬ ಮೈ ಕೊಡವಿಕೊಂಡು ಕುಳಿತ. ಹೇಳಿದರೆ ಜನ ಕೇಳುತ್ತಾರೆ ಎಂಬುದು ಅವನಿಗೆ ಹೊಸ ವಿಷಯವಾಗಿ ಕಂಡಿರಬೇಕು. ವೆಂಕಟರಾಯಪ್ಪನವರನ್ನು ಬಹಳ ಹೊತ್ತು ನೋಡಿದ.

ಮುನಿಗಂಗಮ್ಮ ಒಳಗಿನಿಂದ ಹುರಿಗಡಲೆ, ಬೆಲ್ಲ ತಂದು ಎಲ್ಲರಿಗೂ ಹಂಚಿದಳು. ನಾಯಿ ಗುರ್ ಅಂದಿತೆಂದು ಓವರ್‌ಸಿಯರ ಮನೆಯಲ್ಲಿ ಬೆಲ್ಲ ಹಂಚಿದರು ಎಂಬ ಸುದ್ದಿ ಈಗಾಗಲೇ ಬಸ್ಸು ನಿಲ್ಲುವ ಕಡೆ ಹಬ್ಬಿದೆಯಂತೆ. ಹಬ್ಬಲಿ.

೨ ಏಪ್ರಿಲ್

ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಮಾದರಿಯಲ್ಲಿ ಒಂದು ಸಣ್ಣ ಕುಕ್ಕೆಯನ್ನು ಮೇದಾರರಿಂದ ಹೆಣೆಸಿದೆ. ನಾಯಿ ಬಾಯಿ ತೆರೆದು ಉಸಿರಾಡುವಷ್ಟು, ನೀರು ಕುಡಿಯುವಷ್ಟು ಸಡಿಲ. ಒಂದು ವಾರ ಬರೀ ಅದರೊಳಗೆ ಮೀನು ಇಟ್ಟು ತಿನ್ನಿಸಿದೆ. ಈಗ ಕುಕ್ಕೆ ಕಂಡರೆ ಅವನೇ ಮೂತಿ ತೂರಿಸುತ್ತಾನೆ. ಅದನ್ನು ಹಾಕಿ ಬೆಳಗ್ಗೆ ನಾನೇ ಅವನನ್ನು ಕೆರೆಯ ಏರಿಯವರೆಗೆ ನಡೆಸಿಕೊಂಡು ಹೋಗುತ್ತೇನೆ. ದಾರಿಯಲ್ಲಿ ಎಲ್ಲರೂ ಮಾತನಾಡಿಸುವುದರಿಂದ ಹೋಗಿಬರಲು ತಡವಾಗುತ್ತದೆ.

ಆವಲಮ್ಮನ ಎಮ್ಮೆ ಕರು ಹಾಕಿದೆ. ವೆಂಕಟರಾಯಪ್ಪನವರ ತಮ್ಮ ಕೋಲಾರದಲ್ಲಿ ಅಂಗಡಿ ಇಡುವವರಿದ್ದಾರೆ. ಬಚ್ಚಮ್ಮನಿಗೆ ಮಂಡಿ ನೋವು. ಹರಳೆಣ್ಣೆ ಹಚ್ಚಲು ಹೇಳಿದೆ.

೧೨ ಏಪ್ರಿಲ್

ಸೀಮಂತಕ್ಕೆ ಮುಳಬಾಗಿಲಿಗೆ ಹೋಗಿಬಂದೆವು. ಭಾರತಮ್ಮ ಆರೋಗ್ಯವಾಗಿದ್ದಾಳೆ. ತಾಯಿಯ ಕೈ ಹಿಡಿದುಕೊಂಡು, "ಅಮ್ಮ, ನಾನು ಅಲ್ಲಿಗೇ ಬರ್ತೀನಿ ಕಣೇ, ಅಪ್ಪನಿಗೆ ಹೇಳು," ಎಂದಳಂತೆ. ನನ್ನ ಎದುರಿಗೆ ಹೇಳಲಿಲ್ಲ. ಚನ್ನರಾಯಪ್ಪನವರು ಶನಿವಾರ ಬಂದು ನೋಡುವರು.

ಹಿಂದಿರುಗುವಾಗ ಬಸ್ಸಿನಲ್ಲಿ ಮುನಿಗಂಗಮ್ಮನೊಡನೆ ದಾರಿಯುದ್ದಕ್ಕೂ ಶನಿವಾರದ ಏರ್ಪಾಡುಗಳನ್ನು ಚರ್ಚಿಸಿದೆ. "ಮದುವೆಯಾದಾಗಿಂದ ಲೆಕ್ಕ ಹಾಕಿದ್ರೂ ನೀವು ಇಷ್ಟು ಮಾತಾಡಿಲ್ಲ," ಎಂದಳು. ವಿಷಯ ತಾಂತ್ರಿಕವಾದದ್ದು, ಅದಕ್ಕೆ.

೧೫ ಏಪ್ರಿಲ್, ಶನಿವಾರ

ವಿವರವಾಗಿ ಬರೆಯಬೇಕಾಗಿದೆ.

ಇಂದು ಯಾರೂ ಬರುವುದು ಬೇಡ, ಬೀಗರು ಒಬ್ಬರೇ ಶಾಂತವಾಗಿ ನೋಡಲಿ ಎಂದು ಎಲ್ಲರಿಗೂ ಹೇಳಿದ್ದೆ. ಎಲ್ಲರೂ ಬಂದರು. ಬರಬೇಡಿ ಎಂದಿದ್ದರಿಂದ, ಎಂದಿಗೂ ಬಾರದವರೂ ಬಂದರು. ಜಗಲಿ ತುಂಬಿ, ಅಂಗಳದಲ್ಲಿ ಗೆರೆಯವರೆಗೆ ಜನ.

ಚನ್ನರಾಯಪ್ಪನವರು ಗೇಟಿನ ಬಳಿ ನಿಂತರು. "ಏನ್ ಬೀಗ್ರೇ, ಯಾರಿಗಾದ್ರೂ ಹುಷಾರಿಲ್ವ?"

"ಎಲ್ಲರೂ ಸೌಖ್ಯ. ಬನ್ನಿ," ಎಂದೆ.

ಅವರು ಒಳಗೆ ಬಂದು, ಸುಣ್ಣದ ಗೆರೆಯನ್ನು ರಂಗೋಲಿಯೆಂದು ತಿಳಿದು, ತುಳಿಯಬಾರದೆಂದು ದೊಡ್ಡ ಹೆಜ್ಜೆ ಹಾಕಿ ದಾಟಿದರು. ತೂಬ ಎದ್ದುನಿಂತು ಗುರುಗುಟ್ಟಿದ. ಬೀಗರು ಬೆಚ್ಚಿ ನಿಂತುಬಿಟ್ಟರು.

"ಇನ್ನೂ ಗುರ್ ಅಂತದಲ್ರೀ. ಇದನ್ನ ನೋಡೋಕಾ ನಾನು ಅಷ್ಟ್ ದೂರದಿಂದ ಬಂದಿದ್ದು?"

ಹೊರಡಲು ತಿರುಗಿದರು. ಮುನಿಗಂಗಮ್ಮ ಬಾಗಿಲಿನಲ್ಲಿ ನಿಂತಿದ್ದಳು. ಆಗ ಆವಲಮ್ಮ ಎದ್ದು, ಸೀರೆಯ ನಿರಿಗೆಯನ್ನು ಸ್ವಲ್ಪ ಸರಿಸಿ ಕಾಲಿನ ಕಲೆಯನ್ನು ತೋರಿಸಿದಳು.

"ನೋಡ್ರಪ್ಪ ಯಜಮಾನ್ರೇ. ಇದು ಗುರ್ ಅನ್ದೆ ಕಚ್ಚಿದ್ದು. ಈಗ ಹೇಳ್ತಾ ಅವ್ನೆ, ನಿಲ್ಲಿ, ನಿಮ್ ಗುರ್ತಿಲ್ಲ ಅಂತ. ಮನುಷ್ಯರೇ ಇಷ್ಟು ಮರ್ಯಾದೆಯಾಗಿ ಹೇಳಲ್ಲ. ಹಿಂದಕ್ ಬಂದು ಕೂತ್ಕೊಳ್ಳಿ."

"ಎಲ್ ಕೂತ್ಕೊಳ್ಲಿ?"

"ನೆಲದ ಮೇಲೆ. ನಾವೆಲ್ಲ ಕೂತಿಲ್ವ?"

ಹಾಸಲು ಚಾಪೆ ಕೊಟ್ಟರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಸೂಚನೆ. ಕಣ್ಣು ನೋಡಬೇಡಿ, ಓರೆಯಾಗಿ ತಿರುಗಿ, ಕೈ ಕೆಳಗಿಡಿ, ಸೊಂಟ ಸೆಟೆಯಬೇಡಿ. ನಾಲ್ಕು ಹಳ್ಳಿಯ ಪಂಚಾಯಿತಿ ತೀರ್ಮಾನಿಸುವವರು ಸುಣ್ಣದ ಗೆರೆಯ ಆಚೆ ಓರೆಯಾಗಿ ಕುಳಿತರು. ಮೀನು ಕೊಟ್ಟಾಗ ಕೈ ಹಿಂದಕ್ಕೆ ಎಳೆದುಕೊಂಡರು.

"ಶನಿವಾರ. ಮುಟ್ಟಲ್ಲ."

ಮುನಿಗಂಗಮ್ಮ ಒಳಗಿನಿಂದ ಮುದ್ದೆ ತಂದಳು. ಅವರು ಅದನ್ನು ಮುರಿದು ಮುರಿದು ಎಸೆದರು. ಮೊದಲ ತುಂಡನ್ನು ತೂಬ ಮೂಸಿ ಬಿಟ್ಟ. ಎರಡನೆಯದನ್ನು ತಿಂದ. ಅಷ್ಟು ಹೊತ್ತಿಗೆ ವೆಂಕಟರಾಯಪ್ಪನವರು ಹಿಪ್ಪುನೇರಳೆಯ ಬೆಲೆಯ ಮಾತು ತೆಗೆದಿದ್ದರು. ಚನ್ನರಾಯಪ್ಪನವರದೂ ಅದೇ ಬೆಳೆ. ಮಾತು ಬೆಳೆಯಿತು. ಅವರು ನಾಯಿಯನ್ನು ಮರೆತು, ಮುದ್ದೆಯ ಕೈಯನ್ನು ನೆಲಕ್ಕೆ ಊರಿ ಕುಳಿತಿದ್ದರು. ಹಗ್ಗವನ್ನು ನಾನು ಹಿಡಿದಿದ್ದೆ, ತಿಂದಾದ ಮೇಲೆ ಕುಕ್ಕೆ ಹಾಕಿಸಿದ್ದೆ. ತೂಬ ತಾನಾಗಿಯೇ ಗೆರೆಯವರೆಗೆ ಬಂದು, ಅವರ ಬೆರಳನ್ನು ಕುಕ್ಕೆಯ ಸಂದಿನಿಂದ ಮೂಸಿ, ತಿರುಗಿ ಹೋಗಿ ತನ್ನ ಗೋಣಿಯ ಮೇಲೆ ಮಲಗಿದ.

ಆಮೇಲೆ ಕಾಫಿ ಕುಡಿದು, ಚನ್ನರಾಯಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು.

"ನಾಯಿ ಮಾತು ಹಾಗಿರ್ಲಿ ಬೀಗ್ರೇ. ಆವತ್ತು ನಾನು ಎಲ್ಲಾ ಹೇಳ್ಲಿಲ್ಲ. ನಮ್ ಮನೇಲಿ ಹೆಂಗಸ್ರಿಗೆ ಭಯ ಇದ್ದಿದ್ದು ನಾಯಿದಲ್ಲ. ರಾತ್ರಿ ಹೊತ್ತು ನೋವು ಬಂದ್ರೆ ಕೂಗಿದ್ರೆ ಓಡಿ ಬರೋಕೆ ಆ ಮನೆಗೆ ಯಾರಿದಾರೆ, ಗಂಡ ಹೆಂಡ್ತಿ ಇಬ್ಬರೇ, ಬೀದಿಯೋರು ಹೊಸಲು ತುಳಿಯಲ್ಲ ಅಂತ. ಈಗ ನೋಡಿದ್ರೆ ಇಲ್ಲಿ ಕೂರೋಕ್ ಜಾಗ ಇಲ್ಲ."

ಇದು ನಾಯಿಯ ಅಭ್ಯಾಸಕ್ಕಾಗಿ ಮಾಡಿಕೊಂಡ ತಾತ್ಕಾಲಿಕ ವ್ಯವಸ್ಥೆಯೆಂದು ತಿಳಿಸಿದೆ. ಅವರು ನನ್ನ ಮುಖವನ್ನೇ ನೋಡಿ ನಗಲಾರಂಭಿಸಿದರು. ಕಾರಣ ಕೇಳಲಿಲ್ಲ. ಭಾರತಮ್ಮನನ್ನು ಮುಂದಿನ ವಾರ ಕಳುಹಿಸುವರು.

೨೪ ಏಪ್ರಿಲ್

ಭಾರತಮ್ಮ ಬಂದಳು. ಹಿಂದಿನ ಬಾಗಿಲಿನಿಂದ ನೇರವಾಗಿ ಒಳಗೆ ಕರೆದುಕೊಂಡು, ಅವಳು ಉಟ್ಟು ಬಿಟ್ಟ ಸೀರೆಯನ್ನು ಮೊದಲು ತೂಬನ ಬಳಿ ಇರಿಸಿದೆ. ಮೂಸಿದ. ಸಂಜೆಯ ವೇಳೆಗೆ ಅದರ ಮೇಲೇ ಮಲಗಿದ್ದ. ಆಮೇಲೆ ಅವಳು ಅಂಗಳಕ್ಕೆ ಬಂದು ಓರೆಯಾಗಿ ಕುಳಿತಳು. ಯಾರೂ ಹೇಳಿಕೊಟ್ಟಿರಲಿಲ್ಲ, ಎದುರಿನ ಜಗಲಿಯಲ್ಲಿ ಎಲ್ಲರೂ ಹಾಗೆ ಕುಳಿತಿದ್ದರಿಂದ, ಈ ಊರಿನ ಪದ್ಧತಿಯೆಂದು ತಿಳಿದಳಂತೆ.

೨೮ ಜೂನ್

ಹೆಣ್ಣುಮಗು. ತಾಯಿ ಮಗು ಕ್ಷೇಮ.

ಕೂಗುವ ಅಗತ್ಯವೇ ಬೀಳಲಿಲ್ಲ. ಆವಲಮ್ಮ, ಬಚ್ಚಮ್ಮ, ಮುನಿಯಲ್ಲಮ್ಮ ಮೊದಲೇ ಬಂದು ಕುಳಿತಿದ್ದರು. ಸೂಲಗಿತ್ತಿಯನ್ನು ದೊಡ್ಡನಾರಾಯಣಪ್ಪ ತನ್ನ ಗಾಡಿಯಲ್ಲಿ, ಮಾವಿನ ಬುಟ್ಟಿಗಳ ನಡುವೆ ಕೂರಿಸಿಕೊಂಡು ತಂದ. ಹೊಸ ಹೆಂಗಸು ಕಂಡು ತೂಬ ಒಂದು ಸಲ ಗುರುಗುಟ್ಟಿದ. "ಆಯ್ತಪ್ಪ, ದೂರದಲ್ಲೇ ಹೋಗ್ತೀನಿ," ಎಂದು ಆಕೆ ಗೋಡೆಯ ಪಕ್ಕದಿಂದ ಹೋದಳು. ಅವನು ಸುಮ್ಮನಾದ.

ಮಗುವಿನ ಅಳು ಕೇಳಿ ಕಿವಿ ನಿಮಿರಿಸಿದ್ದಾನೆ. ಮಗುವನ್ನೂ ಅವನನ್ನೂ ಹಿರಿಯರಿಲ್ಲದೆ ಒಂದು ಕ್ಷಣವೂ ಒಟ್ಟಿಗೆ ಬಿಡಕೂಡದೆಂದು ಎಲ್ಲರಿಗೂ ಹೇಳಿದ್ದೇನೆ. ಅವನ ಮೇಲಿನ ಅನುಮಾನದಿಂದಲ್ಲ. ಒಳ್ಳೆಯ ಏರಿಯನ್ನೂ ಮಳೆಗಾಲದಲ್ಲಿ ದಿನವೂ ನೋಡಬೇಕು.

೨೩ ಜುಲೈ

ಮಾಲೂರಿಗೆ ವರ್ಗದ ಆಜ್ಞೆ ಬಂದಿತ್ತು. ಇದುವರೆಗೆ ಯಾವ ವರ್ಗವನ್ನೂ ಪ್ರಶ್ನಿಸಿದವನಲ್ಲ. ನಿನ್ನೆ ಕೋಲಾರಕ್ಕೆ ಹೋಗಿ ಸಾಹೇಬರನ್ನು ಕಂಡು, ಇನ್ನೊಂದು ವರ್ಷ ಇಲ್ಲಿಯೇ ಇರಿಸಬೇಕೆಂದು ಕೇಳಿದೆ. ಆಶ್ಚರ್ಯಪಟ್ಟು ಒಪ್ಪಿದರು.

ಇಂದು ಸಂಜೆ ಹೇಳಿದಾಗ ಮುನಿಗಂಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಯಾಕೆ ಕೇಳಿದ್ರಿ?"

ತೂಬ ಈ ಜನರಿಗೆ ಹೊಂದಿಕೊಂಡಿದ್ದಾನೆ. ಹೊಸ ಊರಿನಲ್ಲಿ ಮತ್ತೆ ಮೊದಲಿನಿಂದ ಜನರನ್ನು ಕೂಡಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂದೆ.

"ತೂಬನಿಗೆ?"

"ತೂಬನಿಗೆ."

ಅವಳು ಜಗಲಿಯ ಕಡೆಗೆ ತಿರುಗಿ ಕೂಗಿ ಹೇಳಿದಳು: "ಆವಲಮ್ಮ, ತೂಬನಿಗೆ ಮಾಲೂರು ಬೇಡ್ವಂತೆ ಕಣೇ. ಸಾಹೇಬ್ರ ಹತ್ರ ಹೋಗಿ ಹೇಳಿ ಬಂದಿದಾನೆ."

ಹೊರಗೆ ಎಲ್ಲರೂ ನಕ್ಕರು. ಮಗು ಎದ್ದು ಅತ್ತಿತು, ಭಾರತಮ್ಮ ಎತ್ತಿಕೊಂಡಳು. ಕುಳಿತುಕೊಳ್ಳಲು ಚಾಪೆ ಸಾಲದೆಂದು ಕೊಂಡಪ್ಪ ಅಂಗಳದಿಂದ ಕೇಳುತ್ತಿದ್ದಾನೆ. ಒಳಗೆ ಇನ್ನೊಂದಿದೆ, ಕೊಟ್ಟು, ನಾನೂ ಅಲ್ಲಿಯೇ ಕುಳಿತುಕೊಳ್ಳುತ್ತೇನೆ.